ನಾಲ್ಕನೆಯ ಕೈ

ಪೆದ್ರು ಮಾಮಾ,

ಹೇಗಿದ್ದೀಯಾ ಅಂತ ಕೇಳಿ ಶುರು ಮಾಡುವ ಹಾಗಿಲ್ಲ. ನಿನ್ನ ಕತ್ತರಿ ಭದ್ರವಾಗಿದೆ, ಅದನ್ನಾದರೂ ಮೊದಲು ಹೇಳಿಬಿಡುತ್ತೇನೆ.

ಭಾನುವಾರ ಮುಂಬೈ ಕಡೆಯ ಈ ವಿಠ್ಠಲವಾಡಿಯಲ್ಲಿ, ಚಾಳಿನ ನೀರಿನ ನಲ್ಲಿ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ನಮ್ಮ ಸಿದ್ದಿ ಗಂಡಸರ ಕೂದಲು ಕತ್ತರಿಸುತ್ತಿದ್ದೆಯಲ್ಲ? ಸಲೂನಿನವರು ನಮ್ಮ ಗುಂಗುರು ಕೂದಲು ಮುಟ್ಟಿ ಮುಟ್ಟಿ ನಗುತ್ತಿದ್ದರು. 'ನಗೋರಿಗೆ ಯಾಕ ರೊಕ್ಕ ಕೊಡ್ತೀರೋ?' ಅಂತ ಬೈಯುತ್ತಿದ್ದೆ. ಆಮೇಲೆ ಮಾಮೂಲಿ ಭಾಷಣ: 'ನಮ್ಮ ರೊಕ್ಕ ಹೊರಗ ಹೋಗೂಕಿಂತ ಮೊದ್ಲ ನಮ್ಮವ್ರ ನಾಕ್ ಕೈ ದಾಟಬೇಕು. ಮುತ್ತಜ್ಜನ ಕಾಲದಿಂದ ಒಡೆಯರ ಗದ್ದ್ಯಾಗ ದುಡದ್ವಿ. ಇಲ್ಲೀನೂ ಬರೇ ದುಡಿಯೂದ ಏನು?' ಮಾಮಿ ಕೌದಿ ಹೊಲಿಯಬೇಕು, ಪಕ್ಕದ ಮನೆ ಸಂತಾನನ ಹೆಂಡತಿ ಮೀನು ಮಾರಬೇಕು, ನಾನು ಬ್ಲೌಸ್ ಹೊಲಿಯಬೇಕು, ಕತ್ತರಿ ಹಿಡಿದ ನಾಲ್ಕನೆಯ ಕೈ ನಿನ್ನದು. ಅರ್ಧ ಕತ್ತರಿಸಿದ ತಲೆ ಹೊತ್ತು ಎದ್ದು ಹೋಗುವಂತಿರಲಿಲ್ಲ, ಕೂತವರು ಕೇಳಲೇಬೇಕಿತ್ತು.

ಥಾಣೆ ಪೇಟೆಯ ಆ ವ್ಯಾಪಾರಿ ಬಂದದ್ದು ನೆನಪಿದೆಯಾ? ಕೌದಿಯ ಮೂಲೆಗೆ ನಾವು ಹೊಲಿಯುವ ಮುಕ್ಕೋನದ ಬಟ್ಟೆ, ನಮ್ಮ ಫುಲಾ, ಅದನ್ನು ಹಿಡಿದೆಳೆದು, 'ಯೇ ಸಬ್ ನಿಕಾಲ್ ದೋ. ಆಫ್ರಿಕನ್ ಮಾಲ್ ಬೋಲ್‌ಕೆ ಬೇಚೇಂಗೆ' ಅಂದ. ಫುಲಾ ಕಿತ್ತರೆ, ನಮ್ಮ ಮುಖಕ್ಕೆ ಒಪ್ಪುವಂತೆ ಆಫ್ರಿಕಾದ ಮಾಲೆಂದು ಮಾರಬಹುದು, ಖಾಯಂ ಆರ್ಡರ್ ಕೊಡುತ್ತೇನೆ ಅಂದ. 'ಫುಲಾ ಇಲ್ಲದ ಕೌದಿ ಅಂದ್ರ ಬತ್ತಲೆ. ನನ್ನ ಬಟ್ಟಿ ಬಿಚ್ಚಿಸಿ ಬ್ಯಾರೇ ದೇಶದ ಹೆಸರಿಡ್ತಿಯೇನು?' ಅಂತ ನೀನು ಕನ್ನಡದಲ್ಲೇ ರೇಗಿದೆ. ನಮಗೆ ಮಾತ್ರ ಆ ತಿಂಗಳ ಬಾಡಿಗೆಯದ್ದೇ ಚಿಂತೆ. ನಿನಗೆ ತಿಳಿಯದಂತೆ ಮಾಮಿ ಅವನಿಗೆ ತೋರಿಸಲೆಂದು ಒಂದು ಬತ್ತಲೆ ಕೌದಿ ಹೊಲಿದಿಟ್ಟಳು.

ನೀನೋ, ನಮ್ಮದೇ ಅಂಗಡಿ ಬೇಕೆಂದು ಜಾಗ ಹುಡುಕುತ್ತ ಡೊಂಬಿವಲಿಯೆಲ್ಲ ಸುತ್ತಿದೆ. ಫೋನಿನಲ್ಲಿ ಹೂಂ ಅಂದವರು ನಿನ್ನ ಮುಖ ಕಂಡೊಡನೆ ಊಹೂಂ. ಕೊನೆಗೆ ಜಾಗ ನೋಡಲು ಥಾಣೆ ಪೇಟೆಗೆ ಹೊರಟ ಬೆಳಿಗ್ಗೆ, ಮುಂಬ್ರಾದ ತಿರುವಿನಲ್ಲಿ, ತುಂಬಿದ ಲೋಕಲ್‌ನ ಬಾಗಿಲಿನಿಂದ... ಬರೆಯಲಾರೆ ಮಾಮಾ.

ನಾವು ಕಲ್ಯಾಣದ ಆಸ್ಪತ್ರೆಗಳಲ್ಲಿ ಹುಡುಕುತ್ತಿದ್ದರೆ ನೀನು ಬೇರೆಲ್ಲೋ ಶವಾಗಾರದಲ್ಲಿ ಬಿದ್ದಿದ್ದೆ. ಕಾಲಿಗೆ ಕಟ್ಟಿದ ಚೀಟಿಯಲ್ಲಿ 'ವಿದೇಶಿ ಪುರುಷ'. 'ಪಾಸ್‌ಪೋರ್ಟ್ ಕಿಧರ್ ಹೈ ಇಸ್‌ಕಾ?' ಅಂದ ಅಲ್ಲಿನವನು. 'ಹಳಿಯಾಳವಾಲೇ ಹೈ ಸಾಹೇಬ್, ಕರ್ನಾಟಕ' ಅಂದೆ. ನನ್ನನ್ನೂ ಮೇಲಿಂದ ಕೆಳಗೆ ನೋಡಿದ. ಸತ್ತ ಮೇಲೂ ಇಲ್ಲಿಯವರೆಂದು ಸಾಬೀತು ಮಾಡಬೇಕಾ? ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ನಿನಗೆ ಹೊದಿಸಲು ತಂದ ಕೌದಿ ಆ ಬತ್ತಲೆಯದ್ದೇ. ಮನೆಯಲ್ಲಿದ್ದ ಹೊಸದು ಅದೊಂದೇ. ಅದರ ಮಡಿಕೆ ಬಿಡಿಸಿದ ಮಾಮಿ 'ತಡೀರಿ' ಅಂದಳು. ಶವಾಗಾರದ ವರಾಂಡದಲ್ಲೇ ಕೂತು, ತನ್ನ ಸೆರಗು ಹರಿದು, ನಾಲ್ಕು ಮೂಲೆಗೂ ಫುಲಾ ಹೊಲಿದಳು. ಆಂಬುಲೆನ್ಸ್‌ನವನು ಹಾರ್ನ್ ಹೊಡೆಯುತ್ತಲೇ ಇದ್ದ. ನಾವೆಲ್ಲ ಅತ್ತೆವು, ಅವಳು ಅಳಲಿಲ್ಲ.

ಆ ವ್ಯಾಪಾರಿ ಮತ್ತೆ ಬಂದಾಗ ಮಾಮಿ ಅವನನ್ನು ಹೊಸಿಲು ದಾಟಲು ಬಿಡಲಿಲ್ಲ. ಅಂಗಡಿ ಸಿಕ್ಕಿಲ್ಲ, ನಿನಗೆ ಸುಳ್ಳು ಹೇಳುವುದಿಲ್ಲ. ನಮ್ಮವರಲ್ಲೇ ಎರಡು ಮನೆಯವರು ಸಾಕಾಗಿ ಊರಿಗೆ ಹೋದರು. ಆದರೆ ಮೊನ್ನೆ ಎದುರು ಸೊಸೈಟಿಯ ಟೀಚರೊಬ್ಬರು ಮಾಮಿಯ ಕೌದಿ ಕೊಂಡರು, ಫುಲಾ ಸಮೇತ. ಆ ರೊಕ್ಕದಲ್ಲೊಂದು ನೋಟು ಕೊಟ್ಟು ಮಾಮಿ ಸಂತಾನನ ಹೆಂಡತಿಯಿಂದ ಬಂಗಡೆ ತಂದಳು. ಅವಳು ಅದೇ ನೋಟನ್ನು ಬ್ಲೌಸಿನ ಬಾಬ್ತು ನನಗೆ ಕೊಟ್ಟಳು. ಮೂರು ಕೈ ಆಯಿತು ಮಾಮಾ!

ಅಷ್ಟರಲ್ಲಿ ನನ್ನ ಗಂಡ ಲೂಯಿಸ, 'ತಲಿ ಕಾಡಾಗೇದ, ಸಲೂನಿಗೆ ಹೋಗ್ತೇನಿ' ಅಂತ ಆ ನೋಟಿಗೇ ಕೈ ಚಾಚಿದ. ನಾನು ಮುಷ್ಟಿ ಬಿಗಿಹಿಡಿದೆ. ನಿನ್ನ ಕುರ್ಚಿ ನಲ್ಲಿ ಪಕ್ಕ ಖಾಲಿ ಇತ್ತು. ಮಾಮಿ ಒಳಗೆ ಹೋಗಿ ನಿನ್ನ ಕತ್ತರಿ ತಂದಳು.

ಮಾಮಿಯ ಕೈಯಲ್ಲಿ ನಿನ್ನ ಅಳಿಯನ ಕೂದಲು ಎಡಗಡೆ ಸೊಟ್ಟಗಾಗಿದೆ. ಮಾಮಿ ಕೈ ಚಾಚಿದಳು, ನಾನು ಅದೇ ನೋಟನ್ನು ಪೂರ್ತಿ ಕೊಟ್ಟೆ.

ನಿನ್ನ ಅಕ್ಕನ ಮಗಳು,
ರೋಜಾ