ಜೋಡಿ ಎಕ್ಕ, ಮಹಡಿ ಕೋಣೆ

ಮಾರ್ಚ್ ೧೬, ಭಾನುವಾರ

ಪ್ರೀತಿಯ ಅಕ್ಕನಿಗೆ,

ವಂದನೆಗಳು. ಈ ಪತ್ರದ ಉದ್ದೇಶ ಒಂದೇ: ನಮ್ಮ ಊಟದ ಮೇಜಿನ ಮೇಲೆ ನಡೆದ ಕೊನೆಯ ಇಸ್ಪೀಟಾಟದಲ್ಲಿ ನೀನು ನಡೆದುಕೊಂಡ ರೀತಿ ತಪ್ಪು ಎಂದು ನಿನಗೆ ತೋರಿಸಿಕೊಡುವುದು. ನಿನ್ನ ಎರಡೂ ಪತ್ರಗಳಿಗೆ ಉತ್ತರಿಸಲು ತಡವಾಯಿತು, ಕ್ಷಮಿಸು. ಪರೀಕ್ಷೆಯ ನೆಪ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ, ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ.

ಇಲ್ಲಿ ಎಲ್ಲರೂ ಕ್ಷೇಮ. ನೀನು ಹೋದ ಮೇಲೆ ಹೊಲಿಗೆ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿಯಲು ಅಪ್ಪ ಯಾರನ್ನೂ ಇಟ್ಟುಕೊಂಡಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ತಾವೇ ಹೊಲಿಯುತ್ತಾರೆ, ಬಿಚ್ಚುತ್ತಾರೆ, ಮತ್ತೆ ಹೊಲಿಯುತ್ತಾರೆ. "ಅವಳ ಕೈ ಇನ್ನೊಬ್ಬರಿಗೆ ಬರಲ್ಲ" ಎಂದು ಗಿರಾಕಿಗಳ ಎದುರೇ ಗೊಣಗುತ್ತಾರೆ. "ಹೊತ್ತಿಗೆ ಸರಿಯಾಗಿ ಉಣ್ತಾಳಾ ಕೇಳು" ಎಂದು ಅಮ್ಮ ಹೇಳಿದ್ದಾಳೆ. ಕೇಳಿದ್ದೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ಮಾವ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ ಮಹಡಿ ಕೋಣೆ ಖಾಲಿಯಾಯಿತು. ನನಗೆ ಓದಲು ಅದು ಬೇಕಿತ್ತು. ನಿನಗೆ ಕತ್ತರಿಸುವ ಮೇಜು ಹಾಕಿ ಸ್ವಂತ ಹೊಲಿಗೆ ಆರಂಭಿಸಲು, ಎರಡು ಕಡೆಯಿಂದ ಬೆಳಕು ಬೀಳುವ ಆ ಕೋಣೆಯೇ ಬೇಕಿತ್ತು. ನಾವಿಬ್ಬರೂ ಪಟ್ಟು ಸಡಿಲಿಸಲಿಲ್ಲ. ಕೊನೆಗೆ ಅಪ್ಪ ರೋಸಿಹೋಗಿ, "ಎಲೆ ಹಾಕ್ರಿ. ಆಟ ಮುಗಿದಾಗ ಇಬ್ಬರಲ್ಲಿ ಯಾರ ಹತ್ರ ಗುಂಡಿ ಜಾಸ್ತಿ ಇರುತ್ತೋ ಅವರದು ಕೋಣೆ. ಆಮೇಲೆ ಈ ವಿಷಯ ನನ್ನ ಕಿವಿಗೆ ಬೀಳಕೂಡದು" ಎಂದರು. ನಮ್ಮ ಮನೆಯಲ್ಲಿ ಯಾವಾಗಲೂ ಅಂಗಡಿಯ ಡಬ್ಬದ ಅಂಗಿ ಗುಂಡಿಗಳೇ ಪಣವಲ್ಲವೇ.

ಒಮಾಹಾ ಎಂಬ ಪೋಕರ್ ಆಟವನ್ನು ಮನೆಗೆ ತಂದವಳು ನಾನು. ಕೈಗೆ ನಾಲ್ಕು ಎಲೆ. ಅವುಗಳಲ್ಲಿ ಎರಡನ್ನು, ಎರಡನ್ನು ಮಾತ್ರ, ಮೇಜಿನ ಮೇಲೆ ಬಿಚ್ಚುವ ಐದರಲ್ಲಿ ಮೂರರೊಂದಿಗೆ ಸೇರಿಸಬೇಕು. ಏರಿಸುವುದಾದರೆ ನಡುವಿನ ರಾಶಿ ಎಷ್ಟಿದೆಯೋ ಅಷ್ಟರವರೆಗೆ ಮಾತ್ರ. ಈ ನಿಯಮಗಳನ್ನು ನಿಮಗೆ ಕಲಿಸಿದವಳೂ ನಾನೇ. ಜೋಡಿ ಎಕ್ಕ ಸಿಕ್ಕರೆ ಮೇಜಿನ ಮೇಲೆ ಮೊದಲ ಮೂರು ಎಲೆ ಬೀಳುವ ಮೊದಲೇ, ಅಂದರೆ ಫ್ಲಾಪ್‌ಗೆ ಮೊದಲೇ, ಪೂರ್ತಿ ರಾಶಿಯಷ್ಟು ಏರಿಸಬೇಕೆಂದು ಪಾಠ ಹೇಳಿದೆ. ಅದು ಅಂದೂ ಸರಿ, ಇಂದೂ ಸರಿ. ಫ್ಲಾಪ್‌ಗೆ ಮೊದಲು ಎಕ್ಕಗಳನ್ನು ಮೀರಿದ ಜೋಡಿಯಿಲ್ಲ. ಫ್ಲಾಪ್ ಬಿದ್ದ ಮೇಲೆ ಅವು ಬರಿಯ ಒಂದು ಜೋಡಿ. ಎಲ್ಲರ ಕೈಯಲ್ಲೂ ನಾಲ್ಕು ಎಲೆಯಿರುವಾಗ ಒಂದು ಜೋಡಿಗೆ ಯಾರೂ ಹೆದರುವುದಿಲ್ಲ. ಆದ್ದರಿಂದ ಗುಂಡಿಗಳನ್ನು ಮೊದಲೇ ಒಳಗೆ ತಳ್ಳಿಬಿಡಬೇಕು. ಇಷ್ಟನ್ನು ಬಿಡಿಸಿ ಹೇಳಿದ್ದಕ್ಕೆ ಮಾವ ಏನೆಂದರು, ನೆನಪಿದೆಯೇ? "ರ‍್ಯಾಂಕಮ್ಮ, ನೀನು ರಾಶಿಯಷ್ಟು ಏರಿಸಿದ್ರೆ ಕೈಲಿ ಎಕ್ಕ ಇದೆ ಅಂತ ಪಕ್ಕದ ಮನೆಯವರಿಗೂ ಗೊತ್ತಾಗುತ್ತೆ. ಎಲೆ ಬಿಚ್ಚಿಟ್ಟೇ ಆಡು, ಮುಚ್ಚಿಡೋ ಶ್ರಮ ಯಾಕೆ?" ನೀವೆಲ್ಲ ನಕ್ಕಿರಿ. ನೀನು ಸ್ವಲ್ಪ ಹೆಚ್ಚಾಗಿಯೇ ನಕ್ಕೆ.

ಕೊನೆಯ ಸುತ್ತಿನಲ್ಲಿ ಅಪ್ಪ, ಮಾವ ಎಲೆ ಎಸೆದರು. ನೀನು ಏರಿಸಿದೆ. ನನ್ನ ಕೈಯಲ್ಲಿ ಜೋಡಿ ಎಕ್ಕ. ಜೊತೆಗೆ ಒಂದು ರಾಣಿ, ಒಂದು ಮೂರು, ಯಾವುದಕ್ಕೂ ಹೊಂದದ ದಂಡ ಎಲೆಗಳು. ಪೂರ್ತಿ ರಾಶಿಯಷ್ಟು ಏರಿಸಿದೆ. ನೀನು ಒಪ್ಪಿದೆ. ಎಲೆ ಹಂಚುತ್ತಿದ್ದ ಮಾವ ಮೇಜಿನ ಮೇಲೆ ಆರು, ಏಳು, ಎಂಟು ಬಿಚ್ಚಿದರು, ಮೂರೂ ಬೇರೆ ಬೇರೆ ಜಾತಿಯವು. ಉಳಿದ ಗುಂಡಿಗಳನ್ನೆಲ್ಲ ನಾನು ಮುಂದೆ ತಳ್ಳಿದೆ. ನೀನು ನಿನ್ನ ಎಲೆಗಳನ್ನು ನೋಡಿದೆ, ನನ್ನ ಮುಖ ನೋಡಿದೆ. "ಹೋಗ್ಲಿ ಬಿಡೇ, ಕೋಣೆ ನಿಂದೇ" ಎಂದು ಎಲೆಗಳನ್ನು ಬೋರಲು ಹಾಕಿ ಕಟ್ಟಿಗೆ ಸೇರಿಸಿದೆ. ಅಂದೇ ನಾನು ಪುಸ್ತಕದ ಕಪಾಟನ್ನು ಮೆಟ್ಟಿಲ ಮೇಲೆ ಎಳೆಸಿದೆ. ಕಪಾಟಿನ ಕೆಳತುದಿಯನ್ನು ಹಿಡಿದುಕೊಂಡವಳೂ ನೀನೇ. ವಾರ ತುಂಬುವುದರೊಳಗೆ ನೀನು ಮನೆ ಬಿಟ್ಟು ಈಗಿರುವ ಊರಿನ ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿಕೊಂಡೆ. ಈಗ ದಿನವಿಡೀ ಬೇರೆಯವರ ಅಂಗಿಗಳಿಗೆ ಕಾಲರು ಕೂಡಿಸುತ್ತಿದ್ದೀಯೆ.

ಮೊನ್ನೆ ಮಾವ ಅಂಗಡಿಯ ಗಡಿಯಾರ ರಿಪೇರಿ ಮಾಡಲು ಬಂದಿದ್ದರು. ಆ ಆಟದ ಮಾತು ಬಂತು. ನಿನ್ನ ಕೈಯಲ್ಲಿ ಏನೂ ಇದ್ದಿರಲಾರದು ಎಂದೆ. ಅವರು ಸ್ಕ್ರೂ ಬಿಚ್ಚುತ್ತಲೇ, "ಒಂಬತ್ತು ಹತ್ತು ಇತ್ತು ಕಣಮ್ಮ. ಎಳೆ ಮಗೂನೂ ಬಿಡಲ್ಲ ಅಂಥ ಕೈನ" ಎಂದರು.

"ನೀವು ನೋಡಿದಿರಾ? ಎಸೆದ ಎಲೆ ನೋಡಬಾರದು ಅಂತ ನಿಯಮ ಇದೆ."

"ಮುಚ್ಚಿದ್ದನ್ನ ಬಿಚ್ಚಿ ನೋಡೋದೇ ನನ್ನ ಕಸುಬಲ್ವೇನೆ? ಎಲೆ ಕಲಸೋವಾಗ ಅದರ ಮೇಲೆ ಕಣ್ಣು ಹೋಯ್ತು."

ಆರು, ಏಳು, ಎಂಟರ ಮೇಲೆ ಒಂಬತ್ತು, ಹತ್ತು, ಐದೂ ಒಂದೇ ಸಾಲು. ಅಕ್ಕ, ಆ ಕ್ಷಣದಲ್ಲಿ ಅದಕ್ಕಿಂತ ದೊಡ್ಡ ಕೈ ಇರಲು ಸಾಧ್ಯವೇ ಇರಲಿಲ್ಲ. ನಾನು ಗೆಲ್ಲಬೇಕಿದ್ದರೆ ಮುಂದಿನ ಎರಡೂ ಎಲೆಗಳು ನನ್ನ ಮೇಲೆ ವಿಶೇಷ ಕರುಣೆ ತೋರಿ ಬೀಳಬೇಕಿತ್ತು. ನಿನಗೆ ಲೆಕ್ಕ ತಿಳಿಯಲಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಕಲಿಸಿದವಳು ನಾನು, ಬೇಗ ಕಲಿತವಳು ನೀನು. ನಿನ್ನನ್ನು ಉದಾರಿ ಎಂದು ಕರೆಯುವವರು ಕರೆಯಲಿ. ಎದುರಿಗೆ ಕೂತವಳು ನಿಜವಾಗಿ ಆಡುತ್ತಿರುವಾಗ ಆಡುವಂತೆ ನಟಿಸುವವಳನ್ನು ನಾನು ಆಟಗಾರ್ತಿ ಎನ್ನಲಾರೆ. ಒಂದು ಜೋಡಿಯನ್ನು ನೆಚ್ಚಿಕೊಂಡು ಎಲ್ಲವನ್ನೂ ತಳ್ಳಿದ್ದು ನನ್ನ ತಪ್ಪು. ಆ ತಪ್ಪಿಗೆ ಸಲ್ಲಬೇಕಾದ ಸೋಲು ನನ್ನದಾಗಿತ್ತು. ಅದನ್ನು ಕಿತ್ತುಕೊಳ್ಳಲು ನಿನಗೆ ಹಕ್ಕು ಕೊಟ್ಟವರಾರು? ಇದರ ಮೇಲೆ ನಿನ್ನ ಪತ್ರದಲ್ಲಿ ಉಪದೇಶ ಬೇರೆ: "ಕಿಟಕಿ ತೆಗೆದಿಟ್ಟು ಓದು, ಗಾಳಿ ಬರುತ್ತೆ."

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. "ನನ್ನ ಕಿವಿಗೆ ಬೀಳಕೂಡದು ಅಂದಿದ್ದೆ" ಎಂದು ಸೂಜಿಗೆ ದಾರ ಪೋಣಿಸತೊಡಗಿದರು. ದಾರ ತೂತಿಗೆ ಸಿಗಲೇ ಇಲ್ಲ. ಕೊನೆಗೆ ನಾನೇ ಪೋಣಿಸಿಕೊಟ್ಟೆ.

ಆರೋಗ್ಯ ನೋಡಿಕೋ. ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂರಬೇಡ. ಚಿಕ್ಕವಳಾದ ನಾನು ನಿನ್ನನ್ನು ಹರಸುವಂತಿಲ್ಲ. ನಿನಗೆ ಒಳ್ಳೆಯದಾಗಲಿ ಎಂದು ಹಾರೈಸುವುದಕ್ಕೆ ಅಡ್ಡಿಯಿಲ್ಲವೆಂದುಕೊಂಡಿದ್ದೇನೆ. ನಿನ್ನ ಆಶೀರ್ವಾದ ಇರಲಿ.

ಇಂತಿ,
ನಿನ್ನ ತಂಗಿ

ಮರೆತ ಮಾತು: ಯಾಕೆ ಬಿಟ್ಟೆ ಎಂದು ಮಾವ ಅಂದೇ ನಿನ್ನನ್ನು ಕೇಳಿದ್ದರಂತೆ. "ಅವಳಿಗೆ ಸೋತು ಅಭ್ಯಾಸ ಇಲ್ಲ ಮಾವ, ನನಗಿದೆ" ಎಂದೆಯಂತೆ. ಮಾವ ಇದನ್ನು ನಿನ್ನ ದೊಡ್ಡತನವೆಂದು ಬಣ್ಣಿಸಿ ಹೇಳಿದರು. ನಾನು ಕೇಳಿಸಿಕೊಂಡು ಒಳಗೆ ಹೋದೆ. ಕಪಾಟನ್ನು ಕೆಳಗೆ ಇಳಿಸಿಯಾಗಿದೆ. ಕೋಣೆಯಲ್ಲೇ ಇರು ಎಂದು ನೀನು ಮತ್ತೆ ಬರೆಯುತ್ತೀಯೆ. ನಾನು ಆ ಕೋಣೆಯಲ್ಲಿ ಇರುವುದಿಲ್ಲ.