ಕಾಯುವ ರಾಕ್ಷಸ

ನಾಗಸಂದ್ರ
ಭಾನುವಾರ, 9 ಮಾರ್ಚ್ 2014

ನನ್ನ ನೀಲಾ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ಫೋನಿನಲ್ಲಿ ಕೇಳಿದರೆ "ಅದೀನಿ" ಅಂದು ಕಟ್ ಮಾಡುತ್ತೀ. ಪತ್ರವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಕೊನೆತನಕ ಓದಲೇಬೇಕು.

ಇದರ ಜೊತೆಗೆ ನಿನ್ನ ತಮ್ಮ ಬಸಲಿಂಗ ಒಂದು ಲ್ಯಾಪ್‌ಟಾಪ್ ತಂದುಕೊಡುತ್ತಾನೆ. ಹೆದರಬೇಡ, ಕದ್ದದ್ದಲ್ಲ. ನಮ್ಮ ಮನೆ ಓನರ್ ನಲ್ಲಪ್ಪನವರ ಮಗಳು ಲಾವಣ್ಯಳದು. ಕಾಲೇಜಿಗೆಂದು ಅವಳಿಗೆ ಹೊಸದು ಬಂತು, ಹಳೆಯದನ್ನು ನಿನಗೆ ತಲುಪಿಸು ಎಂದು ನನ್ನ ಕೈಗಿಟ್ಟಳು. ಬ್ಯಾಟರಿ ಸತ್ತಿದೆ, ವೈರ್ ಚುಚ್ಚಿಯೇ ಇಡಬೇಕು. ಅದರೊಳಗೆ ಒಂದು ಆಟವಿದೆ. ಈ ಪತ್ರ ಆ ಆಟದ ಬಗ್ಗೆ ಮಾತ್ರ. ಬೇರೆ ಯಾವ ವಿಷಯವನ್ನೂ ನಾನು ಎತ್ತುವುದಿಲ್ಲ.

ಲೇ ನೀಲಾ, ಏನು ಹೇಳಲಿ ನಿನಗೆ! ಹೋದ ತಿಂಗಳು ಲಾವಣ್ಯ ಮೊದಲ ಸಲ ತೆರೆದು ತೋರಿಸಿದಾಗ ಪರದೆಯ ತುಂಬ ಮಂಜು. ಮಂಜು ಸರಿಯಿತು ನೋಡು, ಒಂದು ಕೆರೆ, ಕೆರೆಯಾಚೆ ಬೆಟ್ಟ, ಬೆಟ್ಟದ ಹಿಂದಿಂದ ಸೂರ್ಯ ಏಳುತ್ತಿದ್ದಾನೆ. ನನ್ನ ಕೈಯಲ್ಲಿ ಅಂಗೈಯಗಲದ ಮೌಸ್. ಅದನ್ನು ಒತ್ತಿದರೆ ನಾಲ್ಕು ಜನ ಹುಲ್ಲಿನಲ್ಲಿ ನಡೆಯುತ್ತಾರೆ, ಅವರು ಹಾದುಹೋದ ಕಡೆ ಹುಲ್ಲು ಬಾಗಿ ಮತ್ತೆ ಏಳುತ್ತದೆ! ನಾನು ಬಾಯಿ ಬಿಟ್ಟುಕೊಂಡು ಕೂತೆ. ಅನ್ನ ಸೀದ ವಾಸನೆ ಬಂದು ಲಾವಣ್ಯಳೇ ಎದ್ದು ಸ್ಟೋವ್ ಆರಿಸಿದಳು. ಪೀಣ್ಯಕ್ಕೆ ಬಂದ ಮೇಲೆ ತಗಡಿನ ಶೀಟು ಮತ್ತು ಎದುರಿನ ಗೋಡೆ ಬಿಟ್ಟು ನಾವೇನು ನೋಡಿದ್ದೆವು ಹೇಳು. ಇಷ್ಟು ದೊಡ್ಡ ಲೋಕವನ್ನು ಒಂದು ಡಬ್ಬಿಯೊಳಗೆ ಮಡಚಿಟ್ಟವರು ಯಾರೋ, ಅವರಿಗೆ ಅಲ್ಲೇ ಕೈಮುಗಿದೆ.

ಈಗ ಕಿವಿಗೊಟ್ಟು ಕೇಳು. ಆಟದಲ್ಲಿ ನೀನು ಒಬ್ಬಳಲ್ಲ, ನಾಲ್ವರ ತಂಡ. ಗುರಾಣಿ ಹಿಡಿದವನು ಮುಂದೆ ನಿಂತು ಏಟು ತಿನ್ನುತ್ತಾನೆ. ಬಿಲ್ಲಿನವಳು ದೂರ ನಿಲ್ಲಬೇಕು. ಬೆಂಕಿಯ ಮಂತ್ರ ಹಾಕುವ ಮುದುಕನೊಬ್ಬ. ಮತ್ತೆ ಗಾಯ ಮಾಯಿಸುವ ಹುಡುಗಿ. ಈ ಹುಡುಗಿಯ ವಿಷಯದಲ್ಲೇ ನಾನು ಎಡವಿದ್ದು. ಮೈಮೇಲೆ ಕವಚವಿಲ್ಲ, ಕಡ್ಡಿಯಂಥ ದೇಹ. ನಮ್ಮ ಯೂನಿಟ್ಟಿನಲ್ಲಿ ಬಸುರಿಯರನ್ನು ಮಷಿನ್ ಬಿಡಿಸಿ ಪ್ಯಾಕಿಂಗಿಗೆ ಕೂರಿಸುತ್ತಾರಲ್ಲ, ಹಾಗೆ ಅವಳನ್ನು ಗುಹೆಯ ಹೊರಗೆ ನಿಲ್ಲಿಸಿ ಉಳಿದ ಮೂವರನ್ನು ಒಳಗೆ ನುಗ್ಗಿಸಿದೆ. ಮೂವರೂ ಮಲಗಿಬಿಟ್ಟರು, ಎಬ್ಬಿಸಬೇಕಾದವಳು ಹೊರಗೆ! ಲಾವಣ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಪಾಪ ಅಂತ ಯಾರನ್ನೂ ಬಿಟ್ಟೋಗ್ಬಾರ್ದು. ಅವಳಿಲ್ದೆ ಇವ್ರು ಒಂದ್ ಹೆಜ್ಜೆನೂ ಇಡಕ್ಕಾಗಲ್ಲ" ಅಂದಳು.

ಔಷಧಿ ಬಾಟಲಿಗಳನ್ನು ಕೂಡಿಡಬೇಡ. ನಮ್ಮವ್ವ ಬೀಗರು ಬರಲಿ ಎಂದು ತುಪ್ಪ ಎತ್ತಿಟ್ಟು ಕೊನೆಗೆ ಕಮಟು ಹಿಡಿಸುತ್ತಿದ್ದಳಲ್ಲ, ಅವಳ ಮಗಳು ನಾನು. ಚೀಲ ತುಂಬ ಔಷಧಿ ಇಟ್ಟುಕೊಂಡೇ ಸೋತೆ. ದೊಡ್ಡ ಬಾಗಿಲು ಕಂಡರೆ ಮೊದಲು ಆಟವನ್ನು ಸೇವ್ ಮಾಡು, ಆಮೇಲೆ ತಳ್ಳು. ಊರು ಸಿಕ್ಕರೆ ಎಲ್ಲರನ್ನೂ ಮಾತಾಡಿಸು. ಬಾವಿಕಟ್ಟೆಯ ಮುದುಕಿ ಬಾಯಿ ಬಿಟ್ಟರೇ ಮುಂದಿನ ದಾರಿ ಗೊತ್ತಾಗುವುದು. ನಿನಗೆ ಇದು ಕಷ್ಟ, ಬಲ್ಲೆ. ಈಚೆಗೆ ಮನೆಯಲ್ಲೂ ಯಾರ ಜೊತೆ ಮಾತಾಡುತ್ತಿಲ್ಲವಂತೆ, ಬಸಲಿಂಗ ಹೇಳಿದ.

ನನ್ನನ್ನು ದಂಗುಬಡಿಸಿದ್ದು ರಾಕ್ಷಸ. ಗುಹೆಯ ಕೊನೆಯಲ್ಲಿ ಎದ್ದು ನಿಂತ, ನಮ್ಮ ಯೂನಿಟ್ಟಿನ ಕ್ರೇನಿಗಿಂತ ಎತ್ತರ. ಗದೆ ಎತ್ತಿದ. ನಾನು ಸಿಕ್ಕಸಿಕ್ಕಲ್ಲಿ ಒತ್ತತೊಡಗಿದೆ. ಲಾವಣ್ಯ ಮೌಸ್ ಹಿಡಿದಿದ್ದ ನನ್ನ ಕೈಮೇಲೆ ಕೈಯಿಟ್ಟಳು. "ಯಾಕಕ್ಕ ಅರ್ಜೆಂಟು? ಈಗ ನಿಮ್ ಸರದಿ. ಅವನು ಕಾಯ್ತಾನೆ. ಟೀ ಕುಡ್ಕೊಂಡ್ ಬಂದ್ರೂ ಅಲ್ಲೇ ನಿಂತಿರ್ತಾನೆ."

ನೋಡಿದರೆ ನಿಜ! ಎತ್ತಿದ ಗದೆ ಎತ್ತಿದಂತೆಯೇ ಇದೆ. ಉಸಿರಾಡುತ್ತಿದ್ದಾನೆ, ಕಣ್ಣು ಕೆಂಡ, ಆದರೆ ನಾನು ಯೋಚಿಸಿ ಮುಗಿಸುವವರೆಗೆ ಅಲುಗಾಡುವುದಿಲ್ಲ. ಅಷ್ಟು ದೊಡ್ಡ ರಾಕ್ಷಸ, ನನ್ನಂಥವಳಿಗಾಗಿ! ನಮ್ಮ ಪವರ್ ಪ್ರೆಸ್ ಕಾಯಲಿಲ್ಲವಲ್ಲೇ. ನಿನ್ನ ಕೈ ಈಚೆ ಬರುವಷ್ಟು ಹೊತ್ತು ಕೂಡ ಕಾಯಲಿಲ್ಲ, ಬಲಗೈಯ ಬೆರಳುಗಳನ್ನೆಲ್ಲ ತಿಂದುಬಿಟ್ಟಿತು. ಆ ಹುಡುಗಿಯ ಎದುರಿಗೇ ನನಗೆ ಅಳು ಬಂತು.

ಬೇರೆ ವಿಷಯ ಎತ್ತುವುದಿಲ್ಲ ಅಂದಿದ್ದೆ. ಎತ್ತಿಯಾಯಿತು, ಇನ್ನು ಮುಚ್ಚಿಟ್ಟು ಫಲವಿಲ್ಲ. ಸೂಪರ್‌ವೈಸರ್ ಸಿದ್ದಲಿಂಗಯ್ಯನವರು ನಿನ್ನ ಬಗ್ಗೆ ಮತ್ತೆ ಕೇಳಿದರು. "ಇನ್‌ಸ್ಪೆಕ್ಷನ್ ಟೇಬಲ್ಲಲ್ಲಿ ಸೀಟು ಯುಗಾದಿ ತಂಕ ಖಾಲಿ ಇಡ್ತೀನಿ ಕಣಮ್ಮ. ಆಮೇಲೆ ನನ್ ಕೈಲಿಲ್ಲ" ಅಂದರು. ಅಲ್ಲಿ ಪ್ರೆಸ್ ಇಲ್ಲ. ಕೂತು ಪೀಸುಗಳನ್ನು ಗೇಜಿಗೆ ಹಾಕಿ ಅಳತೆ ನೋಡುವುದು, ರಿಪೋರ್ಟ್ ಬರೆಯುವುದು, ಅಷ್ಟೆ. ಹೋದ ಸಲ ಇದನ್ನು ಹೇಳಿದಾಗ ನೀನು ಅಂದದ್ದು ನನಗಿನ್ನೂ ಕಿವಿಯಲ್ಲಿದೆ. "ದಿನಾ ಬರೀಬೇಕಲ್ಲಿ. ಬಲಗೈ ಹೋತು. ಎಡಗೈಲೆ ಗೀಚಿದ್ದನ್ನ ಯಾರ್ ಓದ್ತಾರ, ಮಾದೇವಿ? ಬಿಡು, ನನ್ನಿಂದ ಆಗೂದಿಲ್ಲ."

ಆಟದ ಇನ್ನೊಂದು ಗುಟ್ಟು ಹೇಳುತ್ತೇನೆ. ಗಾಯವಾದವರನ್ನು ಬಿಡಾರದಲ್ಲಿ ಕೂರಿಸಿ ಬೇರೆಯವರನ್ನು ಕರೆದೊಯ್ಯಬಹುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರಲ್ಲ, ಇಲ್ಲಿ ಹಾಗಲ್ಲ. ಹೋದವರು ಗೆದ್ದು ಗಳಿಸಿದ ಬಲದಲ್ಲಿ ಕೂತವರಿಗೂ ಪಾಲಿದೆ. ತಿರುಗಿ ಬಂದು ನೋಡಿದರೆ ಅವರೂ ಬೆಳೆದಿರುತ್ತಾರೆ.

ನಿನ್ನ ಜಾಗಕ್ಕೆ ರೂಮಿಗೆ ಬೇರೆ ಯಾರನ್ನೂ ಸೇರಿಸಿಕೊಂಡಿಲ್ಲ. ನಲ್ಲಪ್ಪನವರಿಗೆ ಏನೇನೋ ನೆಪ ಹೇಳುತ್ತಿದ್ದೇನೆ. ಪೀಣ್ಯದಲ್ಲಿ ಮೆಟ್ರೊ ಓಡಲು ಶುರುವಾಗಿದೆ. ಕಂಬಗಳ ಕೆಳಗೆ ಧೂಳು ಕುಡಿದು ನಡೆದವರು ನಾವು, ಈಗ ನೆತ್ತಿಯ ಮೇಲೆ ರೈಲು ಹೋಗುತ್ತದೆ, ನಿಂತು ನೋಡಿದರೆ ಮೈ ಜುಮ್ಮೆನ್ನುತ್ತದೆ. ನಾನಿನ್ನೂ ಹತ್ತಿಲ್ಲ. ನೀನಿಲ್ಲದೆ ಹತ್ತಲು ಮನಸ್ಸಿಲ್ಲ.

ಅಪ್ಪ, ಅವ್ವನಿಗೆ ನಮಸ್ಕಾರ ಹೇಳು.

ನಿನ್ನವಳೇ ಆದ,
ಮಾದೇವಿ

ತಾ.ಕ.: ಮೌಸನ್ನು ಲಾವಣ್ಯ ಎಡಗೈಗೆ ಹೊಂದಿಸಿಕೊಟ್ಟಿದ್ದಾಳೆ. ಇನ್ನೊಂದು ಮಾತು, ಈ ಪತ್ರವನ್ನು ಮೊದಲಿಂದ ಕೊನೆತನಕ ನಾನು ಎಡಗೈಯಲ್ಲೇ ಬರೆದಿದ್ದೇನೆ. ಎಷ್ಟೋ ಹಾಳೆ ಹರಿದೆ, ಬೆರಳು ಸೆಟೆದುಕೊಂಡವು, ಅಕ್ಷರಗಳು ಕುಡಿದು ಬಂದವರ ಹಾಗೆ ತೂರಾಡುತ್ತಿವೆ. ಆದರೂ ಓದಿದೆಯಲ್ಲ.