ನಾಗಪುರಕ್ಕೆ ಒಂದೂಮುಕ್ಕಾಲು ಗಂಟೆ

ಶೆಟ್ಟಿಹಳ್ಳಿ, ತುಮಕೂರು
೧೮-೨-೨೦೨೫

ಚಿರಂಜೀವಿ ತಮ್ಮ ಅನಂತರಾಜುವಿಗೆ,

ಬಿ.ಪಿ. ಮಾತ್ರೆ ಬಿಡದೆ ನುಂಗುತ್ತಿದ್ದೀಯಾ? ಮಗಳ ಮದುವೆಯ ಓಡಾಟದಲ್ಲಿ ಊಟ ತಪ್ಪಿಸಬೇಡ. ನನ್ನ ಸೊಂಟನೋವು ಹಾಗೇ ಇದೆ. ನನ್ನ ಮಗ ಗಂಗಾಧರನಿಗೆ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ ಖಾಯಂ ಆಯಿತು.

ಸುಶ್ಮಿತಾಳ ಲಗ್ನಪತ್ರಿಕೆ ಕೈ ಸೇರಿತು. ಅದರ ಹಿಂದೆಯೇ ನಿನ್ನ ಫೋನೂ ಬಂತು. "ಸೋದರತ್ತೆ ಆರತಿ ಎತ್ತದೆ ಮದುವೆ ಆಯ್ತದಾ ಅಕ್ಕಾ? ಬೆಂಗಳೂರಲ್ಲಿ ಹತ್ತು, ನಾಗಪುರದಲ್ಲಿ ಇಳಿ. ಒಂದೂಮುಕ್ಕಾಲು ಗಂಟೆ ಅಷ್ಟೇ ಕಣಕ್ಕಾ" ಅಂದೆ. ನಾನು ಹೂಂ ಎಂದು ಫೋನಿಟ್ಟೆ.

ಹೋದ ವರ್ಷ ಸಂಕ್ರಾಂತಿಯ ಮಾರನೇ ದಿನ ನಮ್ಮೂರು ಹಾಗಲವಾಡಿಯಲ್ಲಿ ನಮ್ಮವ್ವ ಹೊಂಬಾಳಮ್ಮ ತೀರಿಕೊಂಡಾಗ ಬೆಳಕು ಹರಿಯುವ ಮುಂಚೆಯೇ ನಿನಗೆ ತಿಳಿಸಿದ್ದೆ. ಆಗ ನಿನ್ನ ಬಾಯಲ್ಲಿ ಬಂದದ್ದು ಬೇರೆ ಲೆಕ್ಕ. "ಎಲ್ಲಿ ಆಯ್ತದಕ್ಕಾ, ನೇರ ವಿಮಾನ ಇಲ್ಲ, ಹೈದರಾಬಾದಲ್ಲಿ ಬದಲಾಯಿಸ್ಬೇಕು, ಎಂಟು ಗಂಟೆ ಹಿಡೀತದೆ. ನನಗೋಸ್ಕರ ಕಾಯ್ಬೇಡಿ, ಮಣ್ಣು ಮಾಡ್ಬುಡಿ." ಆದರೂ ಕಾದೆ. "ಹೊತ್ತು ಮುಳುಗ್ತದೆ ಭದ್ರಮ್ಮ, ಎತ್ತೋಣ" ಎಂದು ನೆಂಟರು ಗೊಣಗಿದರೂ ಕಾದೆ. ಕೊನೆಗೆ ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ತೆಂಗಿನ ತೋಟದಲ್ಲಿ ನಾನು ಹಾಕಿದೆ. ಮೂರನೇ ದಿನದ ಹಾಲುತುಪ್ಪಕ್ಕೂ ನೀನು ಬರಲಿಲ್ಲ. ನಾಗಪುರದ ನಿನ್ನ ಕೊಬ್ಬರಿ ಮಂಡಿಯಲ್ಲಿ ರೇಟು ಏರಿತ್ತಂತೆ, ವ್ಯಾಪಾರ ಬಿಟ್ಟು ಬರಲಾಗಲಿಲ್ಲವಂತೆ.

ಈಗ ನಿನ್ನ ಫೋನು ಬಂದ ಮೇಲೆ ಗಂಗಾಧರನನ್ನು ಕೇಳಿದೆ. ಅವನು ಮೊಬೈಲಿನಲ್ಲಿ ಹುಡುಕಿ, "ಆವತ್ತೂ ನೇರ ಫ್ಲೈಟ್ ಇತ್ತಮ್ಮಾ, ಬೆಳಿಗ್ಗೆ ಹತ್ತಕ್ಕೆ" ಎಂದು ತಲೆ ತಗ್ಗಿಸಿದ. ಮೊಬೈಲು ಹೇಳಿದ್ದನ್ನೆಲ್ಲ ನಂಬುವವಳು ನಾನಲ್ಲ. ಹೋದ ಗುರುವಾರ ಅವನನ್ನು ಕರೆದುಕೊಂಡು ವಿಮಾನ ಹತ್ತಿದೆ. ಶೆಟ್ಟಿಹಳ್ಳಿಯಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹಿಡಿದಷ್ಟು ಹೊತ್ತೂ ಆಕಾಶದಲ್ಲಿ ಹಿಡಿಯಲಿಲ್ಲ. ಈ ಸಲ ನೀನು ಹೇಳಿದ್ದು ನಿಜ. ನಾಗಪುರದಲ್ಲಿ ಇಳಿದು, ಬೆಂಚಿನ ಮೇಲೆ ಕೂತು, ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಚಪಾತಿ ತಿಂದೆವು. "ಮಾವನ ಮನೆ ಇಲ್ಲೇ ಹತ್ರ, ಒಂದ್ಸಲ ಹೋಗ್ಬರೋಣ ಬಾಮ್ಮಾ" ಎಂದು ಗಂಗಾಧರ ಅಂಗಲಾಚಿದ. "ನಾನೇನು ನೆಂಟಸ್ತನಕ್ಕೆ ಬಂದಿಲ್ಲ ಕಣೋ, ದಾರಿ ಅಳೆಯೋಕೆ ಬಂದಿದೀನಿ" ಎಂದೆ. ಸಂಜೆಯ ವಿಮಾನಕ್ಕೆ ಹಿಂದಿರುಗಿದೆವು. ನಿನ್ನೂರಿಗೆ ಬಂದೂ ನಿನ್ನ ಮನೆಯ ಒಂದು ಲೋಟ ನೀರು ಮುಟ್ಟಲಿಲ್ಲ.

ಸುಶ್ಮಿತಾಳಿಗೆ ನನ್ನ ತುಂಬು ಮನಸ್ಸಿನ ಆಶೀರ್ವಾದ. ಅಜ್ಜಿ ಹೋದಳೆಂದು ಆ ಮಗುವಾದರೂ ಫೋನಿನಲ್ಲಿ ಅತ್ತಿತು. ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ನಿನಗೆ ಆಶೀರ್ವಾದ ಬರೆಯಲು ಕೈ ಏಳುತ್ತಿಲ್ಲ, ಬರೆಯುವುದಿಲ್ಲ.

ನಿನ್ನ ಅಕ್ಕ
ಭದ್ರಮ್ಮ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ಮದುವೆಗೆ ಬಂದೇ ಬರುತ್ತೇನೆ. ಆರತಿಯನ್ನೂ ಎತ್ತುತ್ತೇನೆ, ಹುಡುಗಿಯದೇನೂ ತಪ್ಪಿಲ್ಲ. ನಿನ್ನ ಬೀಗರು ಕನ್ನಡದವರೇ ಅಂದೆಯಲ್ಲ, ಒಳ್ಳೆಯದೇ ಆಯಿತು. ಊಟಕ್ಕೆ ಕೂತಾಗ ಮರ್ಯಾದೆಗಾದರೂ "ಬಹಳ ದೂರದಿಂದ ಬಂದ್ರೇನಮ್ಮಾ?" ಎಂದು ಕೇಳುತ್ತಾರೆ. ಎಷ್ಟು ದೂರ ಎಂದು ಹೇಳುತ್ತೇನೆ. ಅಷ್ಟು ದೂರದಿಂದ ಬಾರದ ಮಗನಿಗಾಗಿ ನಮ್ಮವ್ವನ ಹೆಣ ಸಂಜೆಯವರೆಗೂ ಅಂಗಳದಲ್ಲಿ ಕಾದದ್ದನ್ನೂ ಹೇಳುತ್ತೇನೆ. ನನ್ನ ಪಕ್ಕದ ಎಲೆಗೆ ನೀನೇ ಕೂರಬೇಕು. ಬಡಿಸುವ ನೆಪ ಹೇಳಿ ಎದ್ದು ಹೋಗಬೇಡ.